ಬೈಯುವ ಮೊದಲು ಹವಾ ನೋಡಿ: ಗುಂಪು ರೈಡಿನಲ್ಲಿ ಟೈರ್ ದೋಷ ಹುಡುಕುವ ಬಗೆ

ಭಾನುವಾರ ಬೆಳಿಗ್ಗೆ ಹುಬ್ಬಳ್ಳಿಯಿಂದ ಹತ್ತು-ಹನ್ನೆರಡು ಗಾಡಿ ಯಲ್ಲಾಪುರದ ಕಡೆ ಹೊರಟಿವೆ ಅನ್ನಿ. ಕಲಘಟಗಿ ದಾಟುತ್ತಿದ್ದಂತೆ ಒಂದು ಗಾಡಿಯ ಹಿಂದಿನ ಗಾಲಿ ಕುಂಟತೊಡಗಿತು. ಸವಾರ ಬದಿಗೆ ಹಚ್ಚಿ ಹೆಲ್ಮೆಟ್ ತೆಗೆಯುವುದರೊಳಗೆ ಸುತ್ತ ನಿಂತವರ ತೀರ್ಪು ಬಂದಾಗಿರುತ್ತದೆ: "ನಾ ಆವಾಗನ ಹೇಳಿದ್ದೆ, ಆ ಕಂಪನೀದು ತಗೋಬ್ಯಾಡ ಅಂತ." ಎಂಆರ್‌ಎಫ್ ಹಾಕಿಸಿದವರು ಸಿಯೆಟ್‌ನವರನ್ನು, ಸಿಯೆಟ್‌ನವರು ಟಿವಿಎಸ್‌ನವರನ್ನು, ಮಿಶೆಲಿನ್ ಹಾಕಿಸಿದವರು ಉಳಿದ ಎಲ್ಲರನ್ನೂ ಆಡಿಕೊಳ್ಳುತ್ತಾರೆ. ಇಷ್ಟೆಲ್ಲ ಆದರೂ ಟೈರಿಗೆ ಯಾರೂ ಕೈ ಹಚ್ಚಿರುವುದಿಲ್ಲ.

ಟೈರ್ ತಕರಾರನ್ನು ನೋಡುವುದಕ್ಕೆ ಒಂದು ಸರದಿ ಇದೆ. ಮೊದಲು ಹವಾ, ಆಮೇಲೆ ಟೈರಿನ ವಯಸ್ಸು, ಆಮೇಲೆ ಅದನ್ನು ರಿಮ್ಮಿಗೆ ಕೂರಿಸಿದ ರೀತಿ, ಸವೆದ ರೀತಿ, ನಂತರ ಸ್ಪೋಕು, ಬೇರಿಂಗು, ಕೋನ್ ಸೆಟ್ಟು (ಹ್ಯಾಂಡಲ್ ತಿರುಗುವ ಬುಡದ ಬೇರಿಂಗು). ಇವೆಲ್ಲ ಸರಿ ಇದ್ದು ಇನ್ನೂ ತೊಂದರೆ ಉಳಿದಿದ್ದರೆ ಮಾತ್ರ ಕಂಪನಿ ಹೆಸರು ಎತ್ತಬೇಕು.

ಹವಾ, ಅದೂ ಟೈರು ತಣ್ಣಗಿದ್ದಾಗ

ಹವಾ ಅಳೆಯಬೇಕಾದದ್ದು ಮನೆಯಲ್ಲಿ, ಗಾಡಿ ರಾತ್ರಿಯಿಡೀ ನಿಂತ ಮೇಲೆ. ಎಷ್ಟಿರಬೇಕು ಅನ್ನುವುದು ಚೈನ್ ಕವರಿನ ಮೇಲೋ ಸ್ವಿಂಗ್‌ಆರ್ಮ್ ಮೇಲೋ ಅಂಟಿಸಿದ ಚೀಟಿಯಲ್ಲಿರುತ್ತದೆ, ಅದು ಕಿತ್ತುಹೋಗಿದ್ದರೆ ಗಾಡಿಯ ಪುಸ್ತಕದಲ್ಲಿ. ಒಬ್ಬರೇ ಕೂತರೆ ಒಂದು ಅಂಕಿ, ಹಿಂದೆ ಇನ್ನೊಬ್ಬರು ಕೂತರೆ ಬೇರೆ ಅಂಕಿ. ಟೈರಿನ ಪಕ್ಕದಲ್ಲಿ 'ಮ್ಯಾಕ್ಸ್' ಎಂದು ಅಚ್ಚಾಗಿರುವುದು ಟೈರು ತಡೆಯುವ ಮಿತಿ, ತುಂಬಿಸಬೇಕಾದ ಅಳತೆಯಲ್ಲ. ಅದನ್ನೇ ತುಂಬಿಸಿಕೊಂಡು ಬರುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ತಗ್ಗಿನಲ್ಲಿ ಗಾಡಿ ಪುಟಿದಾಗ ಟೈರನ್ನು ಎಲ್ಲರಿಗಿಂತ ಜೋರಾಗಿ ಬೈಯುವವರೂ ಅವರೇ.

ಪೆಟ್ರೋಲ್ ಪಂಪಿನ ಮೀಟರುಗಳು ಒಂದಕ್ಕೊಂದು ಹೊಂದುವುದಿಲ್ಲ. ಹುಬ್ಬಳ್ಳಿಯಲ್ಲಿ 32 ಪಿಎಸ್‌ಐ (ಹವಾದ ಒತ್ತಡದ ಅಳತೆ) ತೋರಿಸಿದ್ದು ಧಾರವಾಡದಲ್ಲಿ 29 ತೋರಿಸಬಹುದು. ಆದ್ದರಿಂದ ಗುಂಪಿಗೆ ಒಂದೇ ಗೇಜ್ ಇರಲಿ, ಅದರಿಂದಲೇ ಎಲ್ಲ ಗಾಡಿ ಅಳೆಯಿರಿ. ಅದು ಎರಡು ಪಿಎಸ್‌ಐ ತಪ್ಪು ತೋರಿಸಿದರೂ ಎಲ್ಲರಿಗೂ ಅದೇ ತಪ್ಪು, ಹೋಲಿಸುವುದಕ್ಕೆ ಅಡ್ಡಿಯಿಲ್ಲ.

ಹವಾದ ಅಂಕಿ ತಾನಾಗಿಯೂ ಏರಿಳಿಯುತ್ತದೆ. ಡಿಸೆಂಬರಿನ ಬೆಳಿಗ್ಗೆ 15 ಡಿಗ್ರಿ ಚಳಿಯಲ್ಲಿ 30 ತುಂಬಿಸಿದ ಟೈರು ಮಧ್ಯಾಹ್ನ 31 ಡಿಗ್ರಿಗೆ ನೆರಳಲ್ಲಿ ಸುಮ್ಮನೆ ನಿಂತಿದ್ದರೂ 32ರ ಮೇಲೆ ತೋರಿಸುತ್ತದೆ. ಘಟ್ಟ ಇಳಿದರೆ ಇನ್ನೊಂದು ಲೆಕ್ಕ. ಹುಬ್ಬಳ್ಳಿ ಸಮುದ್ರ ಮಟ್ಟಕ್ಕಿಂತ 600 ಮೀಟರಿಗೂ ಮೇಲಿದೆ. ಅರಬೈಲ್ ಘಟ್ಟ ಇಳಿದು ಅಂಕೋಲೆ ಮುಟ್ಟಿದರೆ ಹೊರಗಿನ ಗಾಳಿಯ ಒತ್ತಡ ಹೆಚ್ಚಾಗಿರುತ್ತದೆ, ಹೀಗಾಗಿ ಅದೇ ಟೈರು, ಅದೇ ಉಷ್ಣತೆ ಇದ್ದರೂ ಗೇಜ್ ಸುಮಾರು 1 ಪಿಎಸ್‌ಐ ಕಡಿಮೆ ತೋರಿಸುತ್ತದೆ. ಕರಾವಳಿಯಲ್ಲಿ ರಾತ್ರಿ ತಂಗಿ ಬೆಳಿಗ್ಗೆ ಅಳೆದು "ಹೊಸ ಟೈರು, ಆಗಲೇ ಸೋರಾಕ ಹತ್ತೈತಿ" ಅನ್ನುವವರಿಗೆ ಈ ಒಂದು ಪಿಎಸ್‌ಐ ಲೆಕ್ಕ ಹೇಳಿ.

ಅರ್ಧ ತಾಸು ಓಡಿದ ಮೇಲೆ ಹತ್ತರಲ್ಲಿ ಒಂದು ಪಾಲು ಏರುವುದು ಸಹಜ, 32 ಇದ್ದದ್ದು 35 ಆಗುತ್ತದೆ. 38-39 ಆಗಿದ್ದರೆ ಟೈರು ವಿಪರೀತ ಕಾಯುತ್ತಿದೆ, ಅಂದರೆ ಹೊತ್ತ ಭಾರಕ್ಕೆ ಬೆಳಗಿನ ಹವಾ ಸಾಕಾಗಿಲ್ಲ. ಇಲ್ಲಿ ಬಹಳ ಮಂದಿ ಉಲ್ಟಾ ಮಾಡುತ್ತಾರೆ, ಕಾದ ಟೈರಿನಿಂದ ಹವಾ ಬಿಡುತ್ತಾರೆ. ಹವಾ ಕಡಿಮೆಯಾದಷ್ಟೂ ಟೈರಿನ ಪಕ್ಕದ ಗೋಡೆ ಮಡಚುತ್ತದೆ, ಮಡಚಿದಷ್ಟೂ ಇನ್ನಷ್ಟು ಕಾಯುತ್ತದೆ. ತಣ್ಣಗಾಗುವವರೆಗೆ ಕಾದು, ಚೀಟಿಯಲ್ಲಿದ್ದಷ್ಟು ತುಂಬಿಸಿ, ಇಲ್ಲವೆ ಸಾಮಾನು ಇಳಿಸಿ.

ನೈಟ್ರೋಜನ್ ತುಂಬಿಸಿದರೆ ಇದೆಲ್ಲ ತಪ್ಪುತ್ತದೆ ಅನ್ನುವ ಮಾತೂ ಇದೆ. ಪುಕ್ಕಟೆ ಹವಾದಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ರೊಕ್ಕ ಉಳಿಸಿ ಒಂದು ಒಳ್ಳೆ ಗೇಜ್ ತೊಗೊಳ್ಳಿ.

ಪದೇ ಪದೇ ಪಂಕ್ಚರ್: ತೂತನ್ನು ಓದುವುದು

ತಿಂಗಳಿಗೆ ಒಂದೆರಡು ಪಿಎಸ್‌ಐ ಇಳಿದರೆ ಅದು ರೋಗವಲ್ಲ. ವಾರಕ್ಕೆ ಐದು ಇಳಿದರೆ ಮೊದಲು ವಾಲ್ವಿನ ಬಾಯಿಗೆ ಸ್ವಲ್ಪ ಉಗುಳು ಹಚ್ಚಿ. ಗುಳ್ಳೆ ಬಂದರೆ ಒಳಗಿನ ಪಿನ್ ಸಡಿಲವಾಗಿದೆ, ಇಲ್ಲವೆ ಅದರಲ್ಲಿ ಧೂಳು ಕೂತಿದೆ. ಪಿನ್ ಬಿಗಿದು ಕ್ಯಾಪ್ ಹಾಕಿ. ಟ್ಯೂಬ್‌ಲೆಸ್ ಅಲಾಯ್ ಆದರೆ ಸಾಬೂನು ನೀರನ್ನು ರಿಮ್ಮಿನ ಅಂಚಿಗೆ ಸುತ್ತಲೂ ಹೊಯ್ಯಿರಿ. ಅಂಚಿನಲ್ಲಿ ಒಂದೇ ಕಡೆ ಗುಳ್ಳೆ ಎದ್ದರೆ ಅಲ್ಲಿ ರಿಮ್ಮು ತಗ್ಗಿಗೆ ಬಡಿದು ನೆಗ್ಗಿದೆ, ಇಲ್ಲವೆ ಒಳಗೆ ಬಿಳಿ ಕಿಲುಬು ಕಟ್ಟಿದೆ. ಇಂಥದಕ್ಕೆ ಹೊಸ ಟೈರು ಹಾಕಿದರೂ ಸೋರುತ್ತದೆ.

ಟ್ಯೂಬ್ ಗಾಡಿಯಲ್ಲಿ ತೂತೇ ಸಾಕ್ಷಿ ಹೇಳುತ್ತದೆ, ಅದನ್ನು ಕೇಳಿಸಿಕೊಳ್ಳುವ ತಯಾರಿ ಮೊದಲೇ ಬೇಕು. ಟೈರು ಬಿಚ್ಚುವ ಮುಂಚೆ ವಾಲ್ವಿನ ನೇರಕ್ಕೆ ಟೈರಿನ ಪಕ್ಕದಲ್ಲಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯಿರಿ, ಮತ್ತು ಯಾವ ಮಗ್ಗುಲು ಚೈನಿನ ಕಡೆಗಿತ್ತು ಎಂದು ಟ್ಯೂಬಿನ ಮೇಲೆ ಗುರುತು ಹಾಕಿ. ಟ್ಯೂಬಿಗೆ ಹವಾ ತುಂಬಿ ನೀರಿನಲ್ಲಿ ಅದ್ದಿ, ಗುಳ್ಳೆ ಬಂದ ಜಾಗ ವಾಲ್ವಿನಿಂದ ಎಷ್ಟು ಗೇಣು ಅಂತ ಅಳೆಯಿರಿ. ಅದೇ ಗೇಣಿನಷ್ಟು ಗೆರೆಯಿಂದ ಅಳೆದರೆ ಟೈರಿನಲ್ಲಿ ಮುಳ್ಳು ಇರುವ ಜಾಗಕ್ಕೇ ಕೈ ಹೋಗುತ್ತದೆ. ನಮ್ಮ ಜಾಲಿ ಮುಳ್ಳು ಹೊರಗಡೆ ಮುರಿದು, ಒಳಗೆ ಅಕ್ಕಿ ಕಾಳಿನಷ್ಟು ಮೊನೆ ಉಳಿಸಿಕೊಂಡು ಕೂತಿರುತ್ತದೆ. ಪಂಕ್ಚರ್ ತಿದ್ದಿಸಿದ ಮರುದಿನವೇ ಅದೇ ಜಾಗದಲ್ಲಿ ಮತ್ತೆ ತೂತಾಗುವುದು ಇದರಿಂದ. ಟೈರಿನ ಒಳಗೆ ಬರಿಗೈ ಆಡಿಸಬೇಡಿ, ಒಂದು ಹಿಡಿ ಹತ್ತಿ ಸವರಿ. ಮೊನೆ ಇದ್ದಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆ. ಹತ್ತಿಗೇನು, ನಮ್ಮ ಸೀಮೆಯಲ್ಲಿ ಕೊರತೆಯಿಲ್ಲ.

ಸಣ್ಣ ಒಂದೇ ತೂತು ಹೊರಮೈಯಲ್ಲಿದ್ದರೆ ಮುಳ್ಳು ಅಥವಾ ಮೊಳೆ. ಒಂದಕ್ಕೊಂದು ಸಮನಾಗಿ ಹಾವು ಕಚ್ಚಿದಂತೆ ಎರಡು ಸೀಳು ಇದ್ದರೆ, ಹವಾ ಕಡಿಮೆ ಇದ್ದಾಗ ತಗ್ಗಿಗೆ ಬಿದ್ದು ಟ್ಯೂಬು ರಿಮ್ಮಿಗೂ ಟೈರಿಗೂ ನಡುವೆ ಸಿಕ್ಕಿ ಜಜ್ಜಿದೆ. ಇದರಲ್ಲಿ ಟೈರಿನದೂ ಟ್ಯೂಬಿನದೂ ತಪ್ಪಿಲ್ಲ. ತೂತು ಒಳಮೈಯಲ್ಲಿ, ಅಂದರೆ ಸ್ಪೋಕುಗಳ ಕಡೆಗಿದ್ದರೆ ರಿಮ್ ಟೇಪ್ ಹರಿದು ನಿಪ್ಪಲ್ಲಿನ (ಸ್ಪೋಕು ಬಿಗಿಯುವ ನಟ್ಟಿನ) ತಲೆ ಚುಚ್ಚುತ್ತಿದೆ. ಹಳೆ ಬುಲೆಟ್ಟುಗಳಲ್ಲಿ ಇದು ಬಹಳ. ಸ್ಪೋಕಿನ ತುದಿ ಹೊರಬಂದಿದ್ದರೆ ಅರದಿಂದ ಉಜ್ಜಿ, ಹೊಸ ಟೇಪ್ ಹಾಕಿ. ಟೈರು ಹಾಕಿದ ದಿನವೇ ಇಳಿದು, ತೂತು ಅಂಚಿನ ಹತ್ತಿರ ಇದ್ದರೆ ಟಾಮಿ (ಟೈರು ಎಬ್ಬಿಸುವ ಕಬ್ಬಿಣದ ಪಟ್ಟಿ) ಹಾಕುವಾಗ ಟ್ಯೂಬು ಕಚ್ಚಿದೆ. ಟ್ಯೂಬಿಗೆ ಮೊದಲೇ ಸ್ವಲ್ಪ ಹವಾ ತುಂಬಿ ದುಂಡಗೆ ಮಾಡಿ ಕೂರಿಸಿದ್ದರೆ ಹೀಗಾಗುತ್ತಿರಲಿಲ್ಲ.

ಇನ್ನೊಂದು ಕೆಟ್ಟ ಜಾತಿ: ವಾಲ್ವಿನ ಬುಡದಲ್ಲೇ ಹರಿಯುವುದು. ಹವಾ ಕಡಿಮೆ ಇದ್ದು ಜೋರಾಗಿ ಬ್ರೇಕ್ ಹಿಡಿದಾಗ ಟೈರು ರಿಮ್ಮಿನ ಮೇಲೆ ಸ್ವಲ್ಪ ಸ್ವಲ್ಪವೇ ಸರಿಯುತ್ತದೆ, ಟ್ಯೂಬನ್ನೂ ಎಳೆದುಕೊಂಡು ಹೋಗುತ್ತದೆ. ವಾಲ್ವು ಓರೆಯಾಗಿ ನಿಂತದ್ದೇ ಇದರ ಮುನ್ಸೂಚನೆ. ಬುಡದಲ್ಲಿ ಹರಿದ ಟ್ಯೂಬಿಗೆ ಪ್ಯಾಚ್ ನಿಲ್ಲುವುದಿಲ್ಲ, ಟ್ಯೂಬು ಬದಲಿಸಬೇಕು. ವಾಲ್ವಿನ ನಟ್ಟನ್ನು ರಿಮ್ಮಿಗೆ ಬಿಗಿಯುವ ಬದಲು ಕ್ಯಾಪಿನ ಕಡೆ ಮೇಲಕ್ಕೆ ತಿರುಗಿಸಿ ಇಟ್ಟರೆ ಓರೆ ಬೇಗ ಕಣ್ಣಿಗೆ ಬೀಳುತ್ತದೆ, ಬುಡವೂ ಬೇಗ ಹರಿಯುವುದಿಲ್ಲ.

ಪ್ಯಾಚ್ ಹಚ್ಚುವಾಗ ಅವಸರ ಬೇಡ. ಉಸುಕಿನ ಕಾಗದದಿಂದ ರಬ್ಬರಿನ ಹೊಳಪು ಹೋಗುವವರೆಗೆ ತಿಕ್ಕಿ, ಪ್ಯಾಚಿಗಿಂತ ಅಗಲವಾಗಿ ಸೊಲ್ಯೂಶನ್ ತೆಳ್ಳಗೆ ಹಚ್ಚಿ, ಐದು ನಿಮಿಷ ಬಿಡಿ. ಬೆರಳಿನ ಹಿಂಬದಿ ತಾಗಿಸಿದರೆ ಹಸಿಯಾಗಿ ಹತ್ತಬಾರದು, ಆಗ ಪ್ಯಾಚ್ ಒತ್ತಬೇಕು. ಹಸಿ ಇದ್ದಾಗಲೇ ಒತ್ತಿದ ಪ್ಯಾಚ್ ಟೈರು ಕಾದ ಮೇಲೆ ಜಾರುತ್ತದೆ. ಟ್ಯೂಬ್‌ಲೆಸ್ಸಿಗೆ ತುರುಕುವ ರಬ್ಬರ್ ಎಳೆ ನೆಲ ತಾಗುವ ಭಾಗಕ್ಕೆ ಮಾತ್ರ, ಅದೂ 6 ಮಿ.ಮೀ. ಒಳಗಿನ ತೂತಿಗೆ. ಪಕ್ಕದ ಗೋಡೆಯಲ್ಲಿ ತೂತಾದರೆ ಟೈರಿನ ಆಯುಷ್ಯ ಮುಗಿಯಿತು. ಗೋಡೆ ಉಬ್ಬಿದ್ದರೂ ಅಷ್ಟೇ, ಒಳಗಿನ ನೂಲು ಹರಿದಿದೆ.

ಕೂರಿಸಿದ್ದು ಸರಿಯಾಗಿದೆಯೇ

ರಿಮ್ಮಿನ ಅಂಚಿಗೆ ಹತ್ತಿರ, ಟೈರಿನ ಪಕ್ಕದಲ್ಲಿ ಕೂದಲೆಳೆಯಂಥ ಒಂದು ಗೆರೆ ಸುತ್ತಲೂ ಅಚ್ಚಾಗಿರುತ್ತದೆ. ಹವಾ ತುಂಬಿದ ಮೇಲೆ ಈ ಗೆರೆ ಮತ್ತು ರಿಮ್ಮಿನ ನಡುವಿನ ಅಂತರ ಸುತ್ತಲೂ ಒಂದೇ ಸಮ ಇರಬೇಕು. ಒಂದು ಕಡೆ ಗೆರೆ ರಿಮ್ಮಿನೊಳಗೆ ಮುಳುಗಿದ್ದರೆ ಬೀಡ್ (ಟೈರಿನ ಗಟ್ಟಿ ಅಂಚು) ಅಲ್ಲಿ ಕೂತಿಲ್ಲ. ಗಂಟೆಗೆ 30-40 ಕಿ.ಮೀ. ವೇಗದಲ್ಲಿ ಸುತ್ತಿಗೊಮ್ಮೆ 'ದಬ್ ದಬ್' ಎಂದು ಸೀಟಿಗೆ ಬಡಿಯುವ ಗಾಡಿಯ ಕಾಯಿಲೆ ಅರ್ಧಕ್ಕರ್ಧ ಇದೇ. ಹವಾ ಬಿಟ್ಟು, ಅಂಚಿಗೆ ಸಾಬೂನು ನೀರು ಹಚ್ಚಿ, ಮತ್ತೆ ತುಂಬಿಸಿ. 'ಮ್ಯಾಕ್ಸ್' ಅಂಕಿ ದಾಟಬೇಡಿ.

ಟೈರಿನ ಮೇಲಿನ ಬಾಣ ಗಾಲಿ ತಿರುಗುವ ದಿಕ್ಕಿಗಿರಲಿ. ಹಳದಿ ಚುಕ್ಕೆ ಇದ್ದರೆ ಅದು ಟೈರಿನ ಹಗುರ ಜಾಗ, ವಾಲ್ವಿನ ನೇರಕ್ಕೆ ಬರಬೇಕು. ವಯಸ್ಸು ತಿಳಿಯಲು ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಗುರುತು ಹುಡುಕಿ: 2322 ಅಂದರೆ 2022ರ 23ನೇ ವಾರ ತಯಾರಾದದ್ದು. ರಿಯಾಯಿತಿಯಲ್ಲಿ ಸಿಕ್ಕ 'ಹೊಸ' ಟೈರು ಅಂಗಡಿಯಲ್ಲೇ ಮೂರು ವರ್ಷ ಕೂತದ್ದೂ ಆಗಿರಬಹುದು. ಐದು ವರ್ಷ ದಾಟಿದ ಟೈರಿನ ಮೈಮೇಲೆ ಕೊರೆದ ಗೆರೆಗಳ ತಳದಲ್ಲಿ ಸೀಳು ಬಿಟ್ಟಿದೆಯೇ ನೋಡಿ. ಉಗುರು ಒತ್ತಿದರೆ ಒಂದಿಷ್ಟೂ ಒಳಗೆ ಹೋಗದಿದ್ದರೆ, ಗೆರೆ ಎಷ್ಟೇ ಆಳ ಉಳಿದಿರಲಿ, ಮಳೆಯಲ್ಲಿ ಅದನ್ನು ನಂಬಬೇಡಿ.

ದಪ್ಪ ಟೈರಿನ ಹುಚ್ಚಿನ ಬಗ್ಗೆ ಇಲ್ಲೇ ಹೇಳಿಬಿಡಬೇಕು. ಯಮಾಹಾ ಆರ್‌ಎಕ್ಸ್ 100ರ ಹಿಂದಿನ ಗಾಲಿಗೆ ಕಂಪನಿ ಕೊಟ್ಟದ್ದು 2.75-18, ಅಂದರೆ ಟೈರಿನ ಅಗಲ 2.75 ಇಂಚು, ರಿಮ್ಮು 18 ಇಂಚು. ಅದೇ ಸಪೂರ ರಿಮ್ಮಿಗೆ 100/90-18 (ಅಗಲ 100 ಮಿ.ಮೀ., ರಿಮ್ಮು 18 ಇಂಚು) ಹಾಕಿದರೆ ಅಂಚುಗಳು ಒಳಕ್ಕೆ ಹಿಂಡಿಕೊಂಡು ಟೈರಿನ ನೆತ್ತಿ ಚೂಪಾಗುತ್ತದೆ. ನೋಡಲು ದಪ್ಪ, ನೆಲಕ್ಕೆ ತಾಗುವುದು ಸಪೂರ. ತಿರುವಿನಲ್ಲಿ ಗಾಡಿ ಒಮ್ಮೆಲೇ ಬಿದ್ದಂತೆ ವಾಲಿದರೆ ಬೈಯಬೇಕಾದದ್ದು ಟೈರ್ ಕಂಪನಿಯನ್ನಲ್ಲ.

ಹ್ಯಾಂಡಲ್ ನಡುಗುವುದು, ಬಾಲ ಬೀಸುವುದು

ಎರಡನ್ನೂ 'ಗಾಡಿ ಅಲುಗ್ತೈತಿ' ಅಂತ ಒಂದೇ ಮಾತಿನಲ್ಲಿ ಹೇಳುವುದರಿಂದ ಮೆಕ್ಯಾನಿಕ್ಕಿಗೂ ದಾರಿ ತಪ್ಪುತ್ತದೆ. ವೇಗ ಇಳಿಸುತ್ತ 70ರಿಂದ 40ಕ್ಕೆ ಬರುವಾಗ, ಹಿಡಿತ ಸಡಿಲಿಸಿದರೆ ಹ್ಯಾಂಡಲ್ ಎಡಬಲಕ್ಕೆ ಪಟಪಟ ಅಂದರೆ ರೋಗ ಮುಂದಿದೆ. 90 ದಾಟಿದ ಮೇಲೆ ಇಡೀ ಗಾಡಿ ನಿಧಾನವಾಗಿ ಹಾವಿನಂತೆ ತೊನೆದರೆ ರೋಗ ಹಿಂದಿದೆ. ಪರೀಕ್ಷೆಗೆಂದು ಕೈ ಪೂರ್ತಿ ಬಿಡುವ ಸಾಹಸ ಬೇಡ.

ಮುಂದಿನ ಗಾಲಿಯ ರೋಗಕ್ಕೆ ಮೊದಲು ಟೈರಿನ ಮೇಲೆ ಅಂಗೈ ಸವರಿ, ಒಂದು ಸಲ ಮುಂದಕ್ಕೆ, ಒಂದು ಸಲ ಹಿಂದಕ್ಕೆ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದಂತೆ ತಾಗಿದರೆ ಟೈರು ಅಲೆ ಅಲೆಯಾಗಿ ಸವೆದಿದೆ. ಹವಾ ಕಡಿಮೆ ಇಟ್ಟು ಓಡಿಸಿದ್ದು ಅಥವಾ ಮುಂದಿನ ಸಸ್ಪೆನ್ಶನ್ ಸೋತದ್ದು ಇದಕ್ಕೆ ಸಾಮಾನ್ಯ ಕಾರಣ. ಆಮೇಲೆ ಗಾಡಿಯನ್ನು ನಡುಸ್ಟ್ಯಾಂಡಿಗೆ ಹಚ್ಚಿ, ಒಬ್ಬರು ಹಿಂದೆ ಒತ್ತಿ ಮುಂದಿನ ಗಾಲಿ ಎತ್ತಲಿ. ಫೋರ್ಕಿನ ಕೆಳತುದಿ ಹಿಡಿದು ಹಿಂದೆಮುಂದೆ ಎಳೆದಾಗ 'ಟಕ್' ಅಂದರೆ ಕೋನ್ ಸೆಟ್ ಸಡಿಲ. ಹ್ಯಾಂಡಲ್ ತಿರುಗಿಸುವಾಗ ನಟ್ಟನಡುವೆ ಗುಳಿಯಲ್ಲಿ ಬಿದ್ದಂತೆ ನಿಂತರೆ ಕೋನ್ ಸೆಟ್ ತಗ್ಗು ಬಿದ್ದಿದೆ, ಬಿಗಿದರೆ ಸರಿಯಾಗದು, ಬದಲಿಸಬೇಕು. ಗಾಲಿಯ ಮೇಲುತುದಿ, ಕೆಳತುದಿ ಹಿಡಿದು ಅಲುಗಿಸಿ: ಆಟ ಇದ್ದರೆ ಬೇರಿಂಗ್. ಸ್ಪೋಕುಗಳನ್ನು ಪಾನಾದಿಂದ ಒಂದೊಂದಾಗಿ ತಟ್ಟಿ: ಬಿಗಿ ಇದ್ದದ್ದು 'ಟಿಣ್' ಅನ್ನುತ್ತದೆ, ಸಡಿಲ ಇದ್ದದ್ದು 'ಡಬ್' ಅನ್ನುತ್ತದೆ. ಸೀಮೆಸುಣ್ಣದ ತುಂಡನ್ನು ರಿಮ್ಮಿನ ಹತ್ತಿರ ಗಟ್ಟಿಯಾಗಿ ಹಿಡಿದು ಗಾಲಿ ತಿರುಗಿಸಿದಾಗ ಓಲಾಟ 2 ಮಿ.ಮೀ. ಮೀರಿದರೆ ರಿಮ್ ಬೆಂಡ್ ತೆಗೆಸಬೇಕು.

ಹಿಂದಿನದಕ್ಕೆ ಹವಾ, ಎಕ್ಸೆಲ್ ನಟ್ಟು, ಸ್ವಿಂಗ್‌ಆರ್ಮ್ ಬುಷ್, ಈ ಮೂರನ್ನು ನೋಡಿ. ಆಮೇಲೆ ಸಾಮಾನು. ಹಿಂದಿನ ಕ್ಯಾರಿಯರಿನ ತುದಿಗೆ 20 ಕೆಜಿ ಕಟ್ಟಿದರೆ ಮುಂದಿನ ಗಾಲಿ ಹಗುರಾಗಿ ಗಾಡಿ ತೊನೆಯುತ್ತದೆ. ಭಾರವಾದದ್ದನ್ನು ಸೀಟಿನ ಹತ್ತಿರಕ್ಕೆ, ಕೆಳಕ್ಕೆ ತನ್ನಿ. ಗಾಡಿ ಒಂದೇ ಮಗ್ಗುಲಿಗೆ ಎಳೆದರೆ ಚೈನ್ ಅಡ್ಜಸ್ಟರಿನ ಎರಡೂ ಕಡೆಯ ಗುರುತು ಒಂದೇ ಸಮ ಇವೆಯೇ ಎಣಿಸಿ. ಬಹಳ ಸಲ ಪಂಕ್ಚರ್ ತಿದ್ದಿಸಿ ಗಾಲಿ ಮತ್ತೆ ಹಾಕುವಾಗಲೇ ಇದು ತಪ್ಪಿರುತ್ತದೆ.

ಗದಗ, ನವಲಗುಂದ, ನರಗುಂದದ ಕಡೆ ಮಳೆಗಾಲದಲ್ಲಿ ಹೊಲದ ದಾರಿ ತುಳಿದು ಬಂದವರಿಗೆ ಇನ್ನೊಂದು ಕಾರಣವಿದೆ. ಎರಿ ಮಣ್ಣು ರಿಮ್ಮಿನ ಒಳಮೈಗೆ ಒಂದೇ ಕಡೆ ಹೆಂಟೆಯಾಗಿ ಹತ್ತಿ ಒಣಗುತ್ತದೆ. ಗಾಲಿ ಬ್ಯಾಲೆನ್ಸ್ ಮಾಡಲು ಅಂಟಿಸುವ ತೂಕವೇ 5-10 ಗ್ರಾಮಿನದು, ಮುಷ್ಟಿಗಾತ್ರದ ಎರಿ ಹೆಂಟೆ ಎಷ್ಟು ಅಲುಗಿಸೀತು ನೀವೇ ಲೆಕ್ಕ ಹಾಕಿ. ಕೋನ್ ಸೆಟ್ ಬಿಚ್ಚುವ ಮೊದಲು ಗಾಡಿ ತೊಳೆಯಿರಿ.

ಜಾರಿತು ಅಂದಾಗ

ಹಾವೇರಿ, ಶಿಗ್ಗಾವಿ, ರಾಣೆಬೆನ್ನೂರಿನ ಒಳದಾರಿಗಳಲ್ಲಿ ಸುಗ್ಗಿಯ ಹೊತ್ತಿಗೆ ಗೋವಿನಜೋಳ ರಸ್ತೆಯ ಮೇಲೇ ಒಣಗಿರುತ್ತದೆ. ಉರುಳುವ ಕಾಳಿನ ಮೇಲೆ ಯಾವ ಕಂಪನಿಯ ಟೈರೂ ಹಿಡಿಯುವುದಿಲ್ಲ. ಟ್ರ್ಯಾಕ್ಟರ್ ಗಾಲಿಯಿಂದ ಡಾಂಬರಿಗೆ ಬಿದ್ದ ಎರಿ ಮಣ್ಣು ನೆನೆದರೂ ಹಾಗೆಯೇ, ಸಾಬೂನು. ಹೊಸ ಟೈರಿನ ಮೈ ನುಣುಪಾಗಿರುತ್ತದೆ, ಮೊದಲ 100-150 ಕಿ.ಮೀ. ಮೆಲ್ಲಗೆ ವಾಲಿಸಿ, ಗಕ್ಕನೆ ಬ್ರೇಕ್ ಬೇಡ. ಇವು ಮೂರೂ ಅಲ್ಲದೆ, ಒಣ ಡಾಂಬರಿನಲ್ಲಿ, ಸರಿಯಾದ ಹವಾ ಇದ್ದೂ ಜಾರಿದರೆ ಆಗ ಟೈರಿನ ಮೇಲೆ ಅನುಮಾನ ಪಡಬಹುದು.

ಇನ್ನು ಕಂಪನಿ ಜಗಳ

ದೇಶಿ-ವಿದೇಶಿ ವಾದವಂತೂ ನಿಲ್ಲುವಂಥದಲ್ಲ. ದೇಶಿ ಅನ್ನಿಸಿಕೊಂಡ ಸಿಯೆಟ್ ಹುಟ್ಟಿದ್ದು 1924ರಲ್ಲಿ, ಇಟಲಿಯ ಟುರಿನ್‌ನಲ್ಲಿ. ಎಂಆರ್‌ಎಫ್ 1946ರಲ್ಲಿ ಮದ್ರಾಸಿನಲ್ಲಿ ಆಟದ ಬಲೂನು ಮಾಡುತ್ತ ಶುರುವಾದದ್ದು. ಮೆಟ್ಜೆಲರ್ ಮೇಲೋ ಪಿರೆಲ್ಲಿ ಮೇಲೋ ಎಂದು ಕೆಟಿಎಂ ಗಾಡಿಯವರು ಕಾದಾಡುತ್ತಾರೆ, 1986ರಿಂದ ಮೆಟ್ಜೆಲರ್ ಇರುವುದೇ ಪಿರೆಲ್ಲಿ ಕೈಯಲ್ಲಿ. ಟೈರಿನ ಗುಣ ನಿಂತಿರುವುದು ರಬ್ಬರಿನ ಮೆತು ಮತ್ತು ಗೆರೆಯ ನಮೂನೆಯ ಮೇಲೆ. ಮೆತ್ತನೆಯದು ಹಿಡಿಯುತ್ತದೆ, ಬೇಗ ಸವೆಯುತ್ತದೆ. ಗಡುಸಾದದ್ದು ಬಾಳುತ್ತದೆ, ಹಸಿ ರಸ್ತೆಯಲ್ಲಿ ಅಷ್ಟಾಗಿ ಹಿಡಿಯುವುದಿಲ್ಲ. ಒಂದೇ ಕಂಪನಿ ಎರಡನ್ನೂ ಮಾರುತ್ತದೆ. ಆದ್ದರಿಂದ 'ಆ ಕಂಪನಿ ಜಾರುತ್ತದೆ' ಅನ್ನುವವರನ್ನು ಯಾವ ನಮೂನೆ, ಯಾವ ಸೈಜು, ಎಷ್ಟು ಹವಾ ಎಂದು ಕೇಳಿ. ಮೂರನೆಯದಕ್ಕೆ ಉತ್ತರ ಬರುವುದು ಅಪರೂಪ.

ಬಾಳಿಕೆಯ ಜಗಳವನ್ನು ಅಳೆದೇ ತೀರಿಸಬಹುದು. ಹೊಸತರಲ್ಲಿ ಹಿಂದಿನ ಟೈರಿನ ನಡುಗೆರೆ 7 ಮಿ.ಮೀ. ಆಳ ಇತ್ತು, 6,000 ಕಿ.ಮೀ. ಓಡಿದಾಗ 5 ಉಳಿದಿದೆ ಅನ್ನಿ. ಒಂದು ಮಿ.ಮೀ.ಗೆ 3,000 ಕಿ.ಮೀ. ಆಯಿತು. 1.5 ಮಿ.ಮೀ.ಗೆ ಬದಲಿಸುವುದಾದರೆ ಒಟ್ಟು 16,500. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ನೇರ ಓಡುವವರ ಟೈರು ನಡುವೆ ಚಪ್ಪಟೆಯಾಗಿ ಸವೆಯುತ್ತದೆ, ದಾಂಡೇಲಿ ತಿರುವುಗಳಲ್ಲಿ ಆಡುವವರದು ಮಗ್ಗುಲಿಗೆ. ಈ ಎರಡನ್ನು ಪಕ್ಕ ಪಕ್ಕ ಇಟ್ಟು ಕಂಪನಿ ಹೋಲಿಸಿದರೆ ಅರ್ಥವಿಲ್ಲ.

ಗುಂಪು ಹೊರಡುವ ಮೊದಲು ಬರೆದಿಟ್ಟುಕೊಳ್ಳಬೇಕಾದದ್ದು ಸೈಜು. ಈಗಿನ ಕ್ಲಾಸಿಕ್ 350ಗೆ ಮುಂದೆ 100/90-19, ಹಿಂದೆ 120/80-18. ಹಿಮಾಲಯನ್ 411ಕ್ಕೆ 90/90-21 ಮತ್ತು 120/90-17. ಡ್ಯೂಕ್ 390ಗೆ 110/70-17 ಮತ್ತು 150/60-17. ಎಲ್ಲರಿಗಿಂತ ಜೋರಾಗಿ ಜಗಳಾಡುವ ಈ ಮೂವರ ಟೈರು ಒಬ್ಬರದೊಬ್ಬರಿಗೆ ಆಗುವುದಿಲ್ಲ. ಒಂದು 21 ಇಂಚಿನ ಟ್ಯೂಬು ಗುಂಪಿನಲ್ಲಿದ್ದರೆ ತುರ್ತಿಗೆ ಹಿಂದಿನ ಸಣ್ಣ ಗಾಲಿಗೂ ತುರುಕಿ ಮುಂದಿನ ಅಂಗಡಿವರೆಗೆ ಮೆಲ್ಲಗೆ ಹೋಗಬಹುದು. ಅದರ ಜೊತೆ ಎರಡು ಟಾಮಿ, ನಿಮ್ಮ ಎಕ್ಸೆಲ್ ನಟ್ಟಿಗೆ ಕೂರುವ ಪಾನಾ (ಮನೆಯಲ್ಲೇ ಹಾಕಿ ನೋಡಿ), ಪಂಪು, ಪ್ಯಾಚು, ಸೊಲ್ಯೂಶನ್, ವಾಲ್ವ್ ಪಿನ್ ತಿರುಗಿಸುವ ಕೀಲಿ, ಇಕ್ಕಳ, ಸೀಮೆಸುಣ್ಣ, ಒಂದು ಹಿಡಿ ಹತ್ತಿ. ಸೊಲ್ಯೂಶನ್ ಟ್ಯೂಬು ಒಮ್ಮೆ ಒಡೆದರೆ ಎರಡು-ಮೂರು ತಿಂಗಳಲ್ಲಿ ಒಣಗಿಬಿಡುತ್ತದೆ, ಒಡೆಯದ್ದೇ ಇರಲಿ.

ತಿದ್ದಿದ ಗಾಡಿ ಗುಂಪಿನ ನಡುವೆ ಬರಲಿ, ಕೊನೆಗೆ ಬೇಡ. 5 ಕಿ.ಮೀ. ಹೋಗಿ ನಿಲ್ಲಿಸಿ ವಾಲ್ವು ನೆಟ್ಟಗಿದೆಯೇ, ರಿಮ್ಮಿನ ಹತ್ತಿರದ ಗೆರೆ ಸಮ ಇದೆಯೇ, ಎಕ್ಸೆಲ್ ನಟ್ಟು ಬಿಗಿ ಇದೆಯೇ ನೋಡಿ. ಆಮೇಲೆ ಆ ಟೈರಿನ ಮೇಲೂ ಪಕ್ಕದ ಗಾಡಿಯ ಟೈರಿನ ಮೇಲೂ ಅಂಗೈ ಇಡಿ. ಅದೊಂದೇ ಹೆಚ್ಚು ಬಿಸಿ ಇದ್ದರೆ ಗೇಜ್ ಮತ್ತೆ ಹೊರಗೆ ತೆಗೆಯಿರಿ.